ಹಸಿ ನೆಲದಲ್ಲಿ ಕಂಡ ಚಾಪೆ

ದೇವರಿಗೆ ದೀಪ ಇಡದೆ ನಾನು ಒಂದು ದಿನವೂ ಒಲೆ ಹಚ್ಚಿದವಳಲ್ಲ. ಆದರೆ ಸತ್ತವರು ಬಂದು ಹೋಗುತ್ತಾರೆ ಎಂದರೆ ನಂಬುತ್ತಿರಲಿಲ್ಲ. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವುದನ್ನೂ ಕ್ರಮ ಎಂದು ಮಾಡುತ್ತಿದ್ದೆ, ಅಷ್ಟೆ. ಈಗ ನಂಬುತ್ತೀಯಾ ಎಂದು ಕೇಳಿದರೆ, ನಡೆದದ್ದನ್ನು ಹೇಳುತ್ತೇನೆ.

ಕಕ್ಕಿಂಜೆಯ ನನ್ನ ಗಂಡನ ಮನೆಯಲ್ಲಿ ಅತ್ತೆ ಚಾಪೆ ಹೆಣೆಯುತ್ತಿದ್ದರು. ತೋಡಿನ ಬದಿಯ ಮುಂಡೇವಿನ, ಅಂದರೆ ಕೇದಗೆ ಜಾತಿಯ ಗಿಡದ, ಓಲೆ ತಂದು, ಮುಳ್ಳು ತೆಗೆದು, ಬೇಯಿಸಿ, ಒಣಗಿಸಿ ಸೀಳುತ್ತಿದ್ದರು. ಬೇರೆಯವರ ಚಾಪೆಯ ಎಳೆ ಬೆರಳಗಲ. ಅತ್ತೆಯದು ಬೈಹುಲ್ಲಿನಷ್ಟು ಸಪೂರ. ಒಂದು ಮೂಲೆಯಲ್ಲಿ ಎಳೆ ಮಡಚಿ ಪುಟ್ಟ ದೀಪದ ಆಕಾರ ಎಬ್ಬಿಸುತ್ತಿದ್ದರು. ಅದು ಅವರಿಗೆ ಮಾತ್ರ ಬರುತ್ತಿತ್ತು. ನಾನು ಕಲಿಯಲು ಹೋಗಿ ಸೋತೆ.

ಕೊನೆಯ ಚಾಪೆಯನ್ನು ಮಳೆಗಾಲ ಪೂರ್ತಿ ಹೆಣೆದು, ಬಟ್ಟೆ ಸುತ್ತಿ ಅಟ್ಟಕ್ಕೆ ಏರಿಸಿದರು. ಅದರ ಮೇಲೆ ಯಾರೂ ಮಲಗಬಾರದಂತೆ.

“ಮತ್ತೆ ಯಾರಿಗೆ ಅತ್ತೆ, ಜಿರಳೆಗಳಿಗಾ?” ಎಂದು ತಮಾಷೆ ಮಾಡಿದೆ.

“ನೀನು ನಗಾಡು ಮಾರಾಯ್ತಿ. ನಿನ್ನ ಪತ್ರೊಡೆ ತಿಂದ್ರೆ ಮುಗೀತು, ನನ್ನ ಚಾಪೆ ಹರಿದ್ರೆ ಮುಗೀತು. ಇಷ್ಟು ವರ್ಷ ಹೆಣೆದದ್ದರಲ್ಲಿ ಒಂದಾದ್ರೂ ಉಂಟಾ ಈ ಮನೆಯಲ್ಲಿ? ಇದೊಂದು ಉಳಿಯಲಿ. ನಾನು ಇದ್ದೆ ಅಂತ ಗೊತ್ತಾಗ್ಲಿಕ್ಕೆ.”

ಅವರು ಹೋದ ದಿನ ನಾನು ಮೂಡಬಿದಿರೆಯ ತವರಿನಲ್ಲಿದ್ದೆ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ಮನೆ ಮುಟ್ಟುವಾಗ ಅತ್ತೆಯನ್ನು ಚಾವಡಿಯಲ್ಲಿ ಮಲಗಿಸಿಯಾಗಿತ್ತು. ಅದೇ ಚಾಪೆಯ ಮೇಲೆ. ಗಂಡನ ಅಣ್ಣ ಕಣ್ಣೊರೆಸಿಕೊಳ್ಳುತ್ತಾ, “ಅಮ್ಮನಿಗೆ ಇದ್ದದ್ರಲ್ಲಿ ಒಳ್ಳೇದನ್ನೇ ಹಾಕಿದ್ದೇನೆ. ಪಾಪ, ಒಂದು ದಿನವೂ ಅದ್ರಲ್ಲಿ ಮಲಗ್ಲಿಲ್ಲ ಅವರು,” ಎಂದರು. ಅತ್ತೆ ನನ್ನಲ್ಲಿ ಹೇಳಿದ್ದು ಅವರಿಗೆ ಗೊತ್ತಿರಲಿಲ್ಲ. ಶವ ಮಲಗಿಸಿದ ಚಾಪೆಯನ್ನು ನಮ್ಮಲ್ಲಿ ಮತ್ತೆ ಒಳಗೆ ತರುವುದಿಲ್ಲ. ಅದೂ ಚಿತೆಗೆ ಹೋಯಿತು. ಆ ಮನುಷ್ಯನಿಗೆ ನಾನು ಏನೆಂದು ಹೇಳಲಿ?

ಬೊಜ್ಜದ ದಿನ, ಅಂದರೆ ಉತ್ತರಕ್ರಿಯೆಯ ದಿನ, ಅತ್ತೆ ಕೂತು ಹೆಣೆಯುತ್ತಿದ್ದ ಕೋಣೆಯಲ್ಲೇ ಅವರಿಗೆ ಬಡಿಸಿದೆವು. ಮನೆಗೆಲ್ಲ ಟೈಲ್ಸ್ ಆಗಿದ್ದರೂ ಆ ಕೋಣೆಯ ನೆಲ ಮಾತ್ರ ಮಣ್ಣಿನದು. ಸಂಜೆ ನಾನೇ ಸೆಗಣಿ ಸಾರಿಸಿದ್ದೆ, ಇನ್ನೂ ಹಸಿಯಿತ್ತು. ಎಲೆ ಹಾಕಿ, ದೀಪವಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತೆವು. ಆ ಕೋಣೆಗೆ ಇರುವುದು ಒಂದೇ ಬಾಗಿಲು. ಹೋದವರು ಉಣ್ಣುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ತೆರೆಯುವುದು ಕ್ರಮ.

ತೆರೆದಾಗ ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇತ್ತು. ಎಲೆಯ ಹಿಂದೆ, ಒಬ್ಬರು ಕೂರುವಷ್ಟು ಜಾಗದಲ್ಲಿ, ಹಸಿ ನೆಲದ ಮೇಲೆ ಚಾಪೆಯ ಅಚ್ಚು ಬಿದ್ದಿತ್ತು. ಸಪೂರ ಎಳೆ. ಮೂಲೆಯಲ್ಲಿ ದೀಪ.

“ಯಾರು ಇಲ್ಲಿ ಚಾಪೆ ಹಾಸಿದ್ದು?” ಎಂದು ನಾದಿನಿ ಕೇಳಿದಳು. ಯಾರೂ ಹಾಸಿರಲಿಲ್ಲ. ಅಂಥ ಚಾಪೆ ಮನೆಯಲ್ಲಿ ಇರಲೂ ಇಲ್ಲ.

ಎಲೆ ತೆಗೆದ ಮೇಲೆ ಆ ಜಾಗಕ್ಕೆ ಪುನಃ ಸೆಗಣಿ ಬಳಿಯಬೇಕು. “ಇವತ್ತು ಬೇಡ ಅತ್ತಿಗೆ, ನಾಳೆ ಬಳಿದ್ರಾಯ್ತು,” ಎಂದು ನಾದಿನಿ ನನ್ನ ಕೈ ಹಿಡಿದಳು.

“ಎಂಜಲು ಹಾಗೇ ಬಿಡ್ಲಿಕ್ಕುಂಟಾ? ಬಳಿಯಮ್ಮ,” ಎಂದರು ಭಾವ. ಅವರ ಕಣ್ಣು ಉರಿಯುತ್ತಿದ್ದ ದೀಪದ ಮೇಲೆಯೇ ಇತ್ತು, ನೆಲದ ಕಡೆಗೆ ತಿರುಗಲಿಲ್ಲ.

ನಾನು ಬಳಿದೆ. ಎಳೆ ಎಳೆಯಾಗಿ ಅಂಗೈಗೆ ತಾಗುತ್ತಿತ್ತು. ದೀಪದ ಮೂಲೆಗೆ ಬಂದಾಗ ಕೈ ನಿಂತಿತು. ಆಮೇಲೆ ಅದನ್ನೂ ಬಳಿದೆ.

ಹಳೆಯ ಅಚ್ಚು ನೀರು ಹೀರಿ ಮೇಲೆ ಬಂದಿರಬಹುದು ಎನ್ನುತ್ತಾಳೆ ಮಗಳು. ಇರಬಹುದು. ಆದರೆ ಸಾರಿಸುವಾಗ ನನಗೆ ಏನೂ ಕಂಡಿರಲಿಲ್ಲ. ನಾದಿನಿಯೂ ನೋಡಿದಳಲ್ಲ, ದೇವರು ಅಷ್ಟು ದಯೆ ತೋರಿಸಿದ. ನಾನೊಬ್ಬಳೇ ಕಂಡಿದ್ದರೆ ನನಗೇ ನನ್ನ ಮೇಲೆ ನಂಬಿಕೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಹೋಗಿ ನೋಡಿದೆ. ಒಣಗಿದ ನೆಲದ ಮೇಲೆ ನನ್ನ ಬೆರಳುಗಳ ಗೆರೆ ಮಾತ್ರ ಇತ್ತು.