ಕಂಬಳಿಯ ಮೇಲೆ ಕೂತು ಬರೆಸಿದ ಬಲೂನು

ದೆವ್ವ, ಮಾಟ, ಗ್ರಹಚಾರ, ಹಾರುವ ತಟ್ಟೆ, ಇವುಗಳಲ್ಲಿ ಯಾವುದನ್ನೂ ನಾನು ನಂಬಿದವನಲ್ಲ. ನಂಬದೆ ಸುಮ್ಮನಿದ್ದವನೂ ಅಲ್ಲ. ನಂಬುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಮಾವಾಸ್ಯೆಯ ಮಾತೆತ್ತಿದರೆ ಅವರ ಮುಖ ಬಾಡುವ ತನಕ ಬಿಡುತ್ತಿರಲಿಲ್ಲ. ನಮ್ಮ ಜನ ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವವರು ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಆ ಅಭಿಪ್ರಾಯವನ್ನು ಈಗಲೂ ಪೂರ್ತಿ ಬಿಟ್ಟಿಲ್ಲ. ಆದ್ದರಿಂದ ಮುಂದಿನದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನು ಇನ್ನೂ ಜೋರಾಗಿ ನಗುತ್ತಿದ್ದೆ.

ಆಗ ನಾನು ಹೊಸದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು. ಮನೆ ಹೊಳಲ್ಕೆರೆ. ಹಿಂದಿ ಮೇಷ್ಟ್ರೆಂದರೆ ಶಾಲೆಯಲ್ಲಿ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಜನಗಣತಿ, ಚುನಾವಣೆ, ಊರಿನ ಶೌಚಾಲಯ ಎಣಿಸುವುದು, ಎಲ್ಲವೂ ಮೊದಲು ನಮ್ಮ ತಲೆಗೇ ಬರುತ್ತದೆ. ಹಾಗಾಗಿ, ಆಕಾಶದಲ್ಲಿ ಹಾರಾಡುವ ಗುರುತು ಸಿಗದ ವಸ್ತುಗಳ ವಿಚಾರಣೆಗೆ ಮಿಲಿಟರಿಯವರು ಬರುತ್ತಾರೆ, ಅವರಿಗೆ ಕನ್ನಡ ಬಾರದು, ಮೂರು ದಿನ ಅವರ ಜೊತೆ ಹೋಗಿ ಮಾತು ಅನುವಾದಿಸಬೇಕು ಎಂದು ಆರ್ಡರ್ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಭೂಮಿಯ ಮೇಲಿನ ಡ್ಯೂಟಿಗಳೆಲ್ಲ ಮುಗಿದಿದ್ದವು, ಆಕಾಶದ್ದೊಂದು ಉಳಿದಿತ್ತು.

ಮಾರಿಕಣಿವೆ ಹಿನ್ನೀರಿನ ಈಚೆಯ ಹಳ್ಳಿಗಳಲ್ಲಿ ಏನೋ ಹಾರುತ್ತದೆ ಎಂಬ ಗುಲ್ಲು ಎದ್ದು ಎರಡು ತಿಂಗಳಾಗಿತ್ತು. ಮೊದಲು ವಾಟ್ಸಾಪ್‌ನಲ್ಲಿ, ಆಮೇಲೆ ಟೀವಿಯಲ್ಲಿ, ಕೊನೆಗೆ ಅರ್ಜಿಗಳಲ್ಲಿ ಅದು ಹಾರಿತು. ನನಗೂ ಬಂದ ವಿಡಿಯೋಗಳಲ್ಲಿ ಕಾಣುತ್ತಿದ್ದದ್ದು ಕಪ್ಪು ಆಕಾಶ, ಒಂದು ಬಿಳಿ ಚುಕ್ಕೆ, ಹಿನ್ನೆಲೆಯಲ್ಲಿ "ಅಲ್ಲೈತೆ ನೋಡ್ಲೇ, ಅಲ್ಲೈತೆ" ಎಂಬ ಕೂಗಾಟ, ಅಷ್ಟೇ. ಇಂಥದ್ದಕ್ಕೆ ದೇಶ ಕಾಯುವವರು ಜೀಪು ಹತ್ತಿ ಬರಬೇಕೆ ಎಂದು ಅವರ ಮೇಲೂ ನನಗೆ ತಾತ್ಸಾರ ಹುಟ್ಟಿತು.

ಬಂದವರು ಇಬ್ಬರು. ಒಬ್ಬ ಅಧಿಕಾರಿ, ಒಬ್ಬ ಬರೆದುಕೊಳ್ಳುವವನು. ಅಧಿಕಾರಿ ತೆಳ್ಳಗೆ, ಉತ್ತರದ ಕಡೆಯವನು, ಪ್ರತಿಯೊಬ್ಬ ಸಾಕ್ಷಿಗೂ ಕೈ ಮುಗಿದು ಕೂರಿಸುತ್ತಿದ್ದ. ಸಾಕ್ಷಿಗೊಂದು ಹಾಳೆ. ವಸ್ತುವಿನ ಆಕಾರ, ಬಣ್ಣ, ಎತ್ತರ, ದಿಕ್ಕು, ಶಬ್ದ. ಕೊನೆಯಲ್ಲಿ ಒಂದಕ್ಕೆ ಟಿಕ್ ಹಾಕಬೇಕು: ವಿಮಾನ, ಡ್ರೋನ್, ಬಲೂನು, ನಕ್ಷತ್ರ, ಇತರೆ. 'ಇತರೆ'ಗೆ ಟಿಕ್ ಬಿದ್ದರೆ ಇನ್ನೂ ಆರು ಹಾಳೆ ತುಂಬಬೇಕು, ನಕ್ಷೆ ಬರೆಯಬೇಕು, ಮತ್ತೊಂದು ತಂಡ ಬರಬೇಕು. ಇದನ್ನು ಕೇಳಿದ ಕೂಡಲೇ, ನನ್ನ ಡ್ಯೂಟಿಯಲ್ಲಿ ಯಾರಿಗೂ 'ಇತರೆ' ಕಾಣಿಸಬಾರದು ಎಂದು ನಾನು ನಿಶ್ಚಯಿಸಿಬಿಟ್ಟೆ.

ಅದೇನೂ ಕಷ್ಟವಾಗಲಿಲ್ಲ. ಗ್ರಾಮ ಪಂಚಾಯ್ತಿ ಮೆಂಬರೊಬ್ಬ ತಾನು ಕಂಡದ್ದನ್ನು ಚಿತ್ರ ಬರೆದು ತೋರಿಸಿದ. ಇಡ್ಲಿ ಪಾತ್ರೆಯ ಮುಚ್ಚಳ, ಹಿಡಿಯ ಸಮೇತ. ಒಬ್ಬಾಕೆ ತಾನು ನೋಡಿಲ್ಲ, ನಾದಿನಿ ನೋಡಿದ್ದಾಳೆ, ನಾದಿನಿಗೆ ಪುರುಸೊತ್ತಿಲ್ಲದ್ದಕ್ಕೆ ತಾನು ಬಂದೆ ಎಂದಳು. ಇನ್ನೊಬ್ಬ ಎಲ್ಲ ಹೇಳಿ ಮುಗಿಸಿ, ಸಾಹೇಬರು ದೊಡ್ಡವರು, ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಒಂದು ಮಾತು ಹೇಳಿಸಿ ಎಂದು ನನ್ನ ಕೈ ಹಿಡಿದ. ನಕ್ಷತ್ರ, ಡ್ರೋನ್, ನಕ್ಷತ್ರ, ವಿಮಾನ ಎಂದು ಟಿಕ್ ಬೀಳುತ್ತಾ ಹೋದವು. ಬೆಟ್ಟ ಅಗೆದರೂ ಒಂದು ಇಲಿಯೂ ಸಿಗಲಿಲ್ಲ.

ಮೂರನೆಯ ದಿನ ಕೊನೆಯ ಸಾಕ್ಷಿ ಮೈಲಾರಪ್ಪ. ಅರವತ್ತು ದಾಟಿದ ಕುರಿ ಕಾಯುವ ಮನುಷ್ಯ. ಕುರಿ ಬಿಟ್ಟು ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರಿಂದ ನಾವೇ ಗುಡ್ಡದ ಇಳಿಜಾರಿಗೆ ಹೋಗಬೇಕಾಯಿತು. ನನಗೆ ಆಗಲೇ ಸಿಟ್ಟು ಬಂದಿತ್ತು. ಮೂರು ಗಂಟೆಯ ಹೊಳಲ್ಕೆರೆ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. ಅವನು ಜಾಲಿ ಮರದ ಕೆಳಗೆ ತನ್ನ ಕರೀ ಕಂಬಳಿಯನ್ನು ಹಾಸಿ, ಮೂಲೆಗಳನ್ನು ಎಳೆದು ಸರಿಮಾಡಿ, ನಿಂತೇ ಕಾಯುತ್ತಿದ್ದ.

"ಕುಂತ್ಕಳ್ರಿ ಮೇಷ್ಟ್ರೇ. ಸಾಹೇಬ್ರಿಗೂ ಹೇಳ್ರಿ. ಕಂಬಳಿ ಮ್ಯಾಲೆ ಕುಂತು ಸುಳ್ಳು ಹೇಳಂಗಿಲ್ಲ, ಬರ್ಕಳೋರೂ ಸುಳ್ಳು ಬರಿಯಂಗಿಲ್ಲ. ನಮ್ಮಲ್ಲಿ ಹಂಗೆ."

ನಾನು ಅದನ್ನು ಅನುವಾದಿಸಿದೆ, ನಗುತ್ತಾ. ಅಧಿಕಾರಿ ನಗಲಿಲ್ಲ. ಬೂಟು ಬಿಚ್ಚಿಟ್ಟು ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಾನು ಚಪ್ಪಲಿ ಕಾಲನ್ನು ಆಚೆ ಚಾಚಿ ಅಂಚಿನಲ್ಲಿ ಕೂತೆ. "ಬೇಗ ಹೇಳಪ್ಪ, ಏನು ನೋಡಿದೆ?" ಎಂದೆ.

ಅವನು ಏನನ್ನೂ ನೋಡಿರಲಿಲ್ಲ. ಅದೇ ಅವನ ತಕರಾರು. ನಡು ಮಧ್ಯಾಹ್ನ ಕುರಿಗಳು ಬಿಸಿಲಿಗೆ ಒಂದರ ಹೊಟ್ಟೆ ಕೆಳಗೆ ಒಂದು ತಲೆ ತೂರಿಸಿ ಗುಂಪಾಗಿ ನಿಂತಿದ್ದವಂತೆ. ಹಾಗೆ ನಿಂತ ಕುರಿ ಯಾರು ಗದರಿದರೂ ಅಲುಗುವುದಿಲ್ಲ. ಆಗ ಗುಡ್ಡದ ಕಡೆಯಿಂದ ಒಂದು ನೆರಳು ಬಂತಂತೆ.

"ಎರಡು ರಾಗಿ ಕಣದಷ್ಟು ಅಗಲ ಐತೆ. ಮೋಡ ಇಲ್ಲ, ಹಕ್ಕಿ ಇಲ್ಲ. ಬಂದು ಕುರಿ ಮ್ಯಾಲೆ ನಿಂತ್ಕಂತು. ನಾನೂ ಒಳಗೆ ಹೋಗಿ ಮ್ಯಾಲೆ ನೋಡ್ದೆ. ಸೂರ್ಯ ಹಂಗೇ ಐದಾನೆ, ಕಣ್ಣು ಕುಕ್ತೈತೆ. ಕಾಲ ಕೆಳಗೆ ನೋಡಿದ್ರೆ ನನ್ನ ನೆರಳೇ ಇಲ್ಲ. ಕುರಿ ಎಲ್ಲ ತಲೆ ಎತ್ತಿ, ಬಿಡಿಬಿಡಿ ಆಗಿ, ಮಲಗಿ ಮೆಲುಕು ಹಾಕಿದ್ವು. ಮನುಷ್ಯರಿಗಾದ್ರೆ ಭ್ರಮೆ ಅನ್ಬೋದು ಮೇಷ್ಟ್ರೇ, ಕುರಿಗೆ ಭ್ರಮೆ ಆಗ್ತೈತಾ?"

ಸ್ವಲ್ಪ ಹೊತ್ತಿನ ಮೇಲೆ ಆ ನೆರಳು ಗಾಳಿಗೆ ಎದುರಾಗಿ ಹೊರಟುಹೋಯಿತಂತೆ. ಅವನು ಊರಲ್ಲಿ ಹೇಳಿದ. ಊರು ನಕ್ಕಿತು. ಕುರಿಯಲ್ಲಿ ತೀರಿಹೋದ ತಮ್ಮನ ಪಾಲೂ ಇತ್ತು. ತಮ್ಮನ ಮಕ್ಕಳಿಬ್ಬರಿಗೆ ಇದೇ ಬೇಕಾಗಿತ್ತು. ದೊಡ್ಡಪ್ಪನಿಗೆ ತಲೆ ಕೆಟ್ಟಿದೆ, ಕುರಿಯನ್ನು ಅವನ ಕೈಯಲ್ಲಿ ಬಿಡಬಾರದು ಎಂದು ಹಿರಿಯರ ಮುಂದೆ ಕೂತಿದ್ದರು. "ಹುಟ್ಟಿದಾಗ್ಲಿಂದ ಕುರಿ ಹಿಂದೆ ಐದೀನಿ. ಅವು ಹೋದ್ರೆ ನಾನು ಬೆಳಿಗ್ಗೆ ಎದ್ದು ಎತ್ಲಾಗೆ ಹೋಗ್ಲಿ? ಮಿಲಿಟ್ರಿಯವ್ರ ಹಾಳೇಲಿ ನಾ ಹೇಳ್ದಂಗೆ ಬರದ್ರೆ ಸಾಕು, ಹಿರೇರು ಒಪ್ತಾರೆ" ಎಂದ.

ಇಷ್ಟನ್ನು ಅವನು ಅರ್ಧ ಗಂಟೆ ಹೇಳಿದ. ನಾನು ಗಡಿಯಾರ ನೋಡಿದೆ. ಅಧಿಕಾರಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದೆ: "ದೊಡ್ಡ ಬಿಳೀ ಬಲೂನು ನೋಡಿದನಂತೆ ಸರ್. ಅದರ ನೆರಳು ಕುರಿಗಳ ಮೇಲೆ ಬಿತ್ತಂತೆ."

ಇಷ್ಟೇನಾ, ಇಷ್ಟು ಹೊತ್ತು ಮಾತಾಡಿದನಲ್ಲ ಎಂದು ಅಧಿಕಾರಿ ಕೇಳಿದ. ಮಿಕ್ಕಿದ್ದು ಮನೆಯ ಜಗಳ ಸರ್ ಎಂದೆ. ಅವನು ನನ್ನನ್ನೊಮ್ಮೆ, ಮೈಲಾರಪ್ಪನನ್ನೊಮ್ಮೆ ನೋಡಿದ. ಆಮೇಲೆ ಟಿಕ್ ಬಿತ್ತು.

ಮೈಲಾರಪ್ಪ ಹೆಬ್ಬೆಟ್ಟು ಒತ್ತುವ ಮುಂಚೆ, ಬರೆದದ್ದನ್ನು ಓದಿ ಎಂದ. ಹಾಳೆ ಹಿಂದಿಯಲ್ಲಿತ್ತು. ಅದರಲ್ಲಿ ಇಲ್ಲದ್ದನ್ನೆಲ್ಲ ನಾನು ಗಂಭೀರವಾಗಿ ಓದಿದೆ. ನೆರಳು, ಸೂರ್ಯ, ಮಲಗಿದ ಕುರಿ, ಒಂದನ್ನೂ ಬಿಡಲಿಲ್ಲ. ನಡುವೆ ಒಂದು ಕಡೆ ಅವನೇ ತಿದ್ದಿದ: "ಮೂರು ಕಣ ಅಲ್ಲ ಮೇಷ್ಟ್ರೇ, ಎರಡು." ನಾನು ಪೆನ್ನು ತೆಗೆದು ಹಾಳೆಯಂಚಿನಲ್ಲಿ ತಿದ್ದಿದ ಹಾಗೆ ನಟಿಸಿದೆ. ಅವನು ಹೆಬ್ಬೆಟ್ಟು ಒತ್ತಿ, ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಅನುವಾದಕನೆಂದು ಕೆಳಗೆ ನಾನು ಸಹಿ ಮಾಡಿದೆ. ಮೂರು ಗಂಟೆಯ ಬಸ್ಸು ಸಿಕ್ಕಿತು.

ಒಂದೆರಡು ತಿಂಗಳಿಗೆ ವಿಚಾರಣೆಯ ಫಲಿತಾಂಶ ಪಂಚಾಯ್ತಿಗೆ ಬಂತು. ಗಾಬರಿಪಡುವಂಥದ್ದು ಏನೂ ಇಲ್ಲ, ಯಾರು ಏನು ನೋಡಿದರು ಎಂಬ ಪಟ್ಟಿ ಇಂತಿದೆ ಎಂದು. ಅದನ್ನು ಗ್ರಾಮಸಭೆಯಲ್ಲಿ ಓದಿದರು. ಮೈಲಾರಪ್ಪ, ಬಲೂನು. ಈ ಸುದ್ದಿಯನ್ನು ಬಸ್ಸಿನಲ್ಲಿ ಹೇಳಿದವನು ಅದೇ ಇಡ್ಲಿ ಮುಚ್ಚಳದ ಮೆಂಬರು. "ಅವನು ಅಲ್ಲೇ ಕುಂತಿದ್ದ ಸಾ. ಬಲೂನ್ ನೋಡಿ ಹೆದರೋನು ಏನು ಕುರಿ ಕಾಯ್ತಾನೆ ಅಂತ ತಮ್ಮನ ಹುಡುಗ್ರು ಕುರಿ ಹೊಡ್ಕಂಡು ಹೋದ್ರು. ಈಗ ಬಲೂನ್ ಮೈಲಾರ ಅಂತ್ಲೇ ಕರೀತಾರೆ." ನಾನು ನಕ್ಕೆ. ಸುಳ್ಳು ಹೇಳಿ ಏನು ಪ್ರಯೋಜನ, ನಾನು ಮನಸಾರೆ ನಕ್ಕೆ.

ಮರುವರ್ಷದ ಬೇಸಿಗೆಯಲ್ಲಿ ಮತದಾರರ ಪಟ್ಟಿ ಪರಿಶೀಲಿಸುವ ಡ್ಯೂಟಿ ಮೈಲಾರಪ್ಪನ ಹಟ್ಟಿಗೇ ಬಿತ್ತು. ಬಸ್ಸು ಕ್ರಾಸಿನಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಗುಡ್ಡದ ಇಳಿಜಾರಿನಲ್ಲಿ ಎರಡು ಕಿಲೋಮೀಟರ್ ನಡಿಗೆ. ಮಧ್ಯಾಹ್ನ ಹನ್ನೆರಡೂವರೆ. ಕೊಡೆ ಹಿಡಿದಿದ್ದೆ. ನೆತ್ತಿಯ ಸೂರ್ಯನಿಗೆ ಕೊಡೆಯ ನೆರಳು ಕಾಲಿನ ಸುತ್ತ ದುಂಡಗೆ ಬಿದ್ದು ನನ್ನ ಜೊತೆಗೇ ಬರುತ್ತಿತ್ತು. ಒಂದು ಕಡೆ ಅದು ಕಾಣಲಿಲ್ಲ.

ಮೋಡ ಬಂತೆಂದುಕೊಂಡು ಕೊಡೆ ಸರಿಸಿ ಮೇಲೆ ನೋಡಿದೆ. ಸೂರ್ಯ ಕಣ್ಣಿಗೆ ಚುಚ್ಚಿದ. ಆಕಾಶದಲ್ಲಿ ಒಂದು ಕಾಗೆಯೂ ಇರಲಿಲ್ಲ. ಕೊಡೆ ಮಡಿಸಿದೆ. ನೆಲದ ಮೇಲೆ ನನ್ನ ನೆರಳೂ ಇರಲಿಲ್ಲ. ಬಿಸಿ ಗಾಳಿ ಬೀಸುತ್ತಲೇ ಇತ್ತು, ಆದರೆ ಮೈಗೆ ತಂಪಾಗಿತ್ತು, ನೀರಿನ ಮಡಕೆಯ ಪಕ್ಕ ಕೂತ ಹಾಗೆ. ಕೈಲಿದ್ದ ಮತದಾರರ ಪಟ್ಟಿಯ ಹಾಳೆ ಅಲ್ಲಿಯವರೆಗೆ ಕಣ್ಣು ಕೋರೈಸುತ್ತಿತ್ತು, ಈಗ ಹೆಸರುಗಳು ಆರಾಮವಾಗಿ ಕಾಣುತ್ತಿದ್ದವು. ಹಾಳೆಯ ಮೇಲೆ ಕೈ ಹಿಡಿದೆ. ಕೈಯ ನೆರಳು ಬೀಳಲಿಲ್ಲ.

ಸುಮಾರು ಮೂವತ್ತು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಗೆರೆ ಎಳೆದಂತೆ ಬಿಸಿಲು ಶುರುವಾಗುತ್ತಿತ್ತು. ಅಲ್ಲಿಗೆ ಹೋಗಿ ಒಂದು ಕಾಲನ್ನು ಆಚೆ ಇಟ್ಟೆ. ಕಾಲಿನ ನೆರಳು ಬಂತು. ಈಚೆ ತಂದೆ, ಹೋಯಿತು. ಐವತ್ತು ದಾಟಿದ ಮೇಷ್ಟ್ರು ಕುಂಟೆಬಿಲ್ಲೆ ಆಡುವ ಹಾಗೆ ಮೂರು ಸಲ ಹೀಗೆ ಮಾಡಿದೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು, ಅವುಗಳ ನೆರಳು ಅವುಗಳ ಕೆಳಗೇ ತಿರುಗುತ್ತಿತ್ತು. ಆಮೇಲೆ ಆ ಗೆರೆ ನನ್ನನ್ನು ದಾಟಿ, ಗಾಳಿಗೆ ಎದುರಾಗಿ, ಜಾಲಿ ಪೊದೆಗಳ ಮೇಲಿಂದ ಗುಡ್ಡ ಹತ್ತಿ ಹೋಯಿತು. ಗಡಿಯಾರದ ಪ್ರಕಾರ ಏಳು ನಿಮಿಷ. ಮೊಬೈಲಿನಲ್ಲಿ ಫೋಟೋ ತೆಗೆದಿದ್ದೆ. ಅದರಲ್ಲಿ ಕಲ್ಲು, ಒಣಹುಲ್ಲು ಬಿಟ್ಟರೆ ಬೇರೇನೂ ಇಲ್ಲ. ನಾನು ಯಾವ ಚಿತ್ರಗಳನ್ನು ನೋಡಿ ಉಗಿಯುತ್ತಿದ್ದೆನೋ ಅಂಥದ್ದೇ ಇನ್ನೊಂದು.

ನನ್ನನ್ನು ನಾನೇ ಸುಮ್ಮನೆ ಬಿಡಲಿಲ್ಲ. ಬಿಪಿ ನೋಡಿಸಿದೆ, ಕಣ್ಣು ತೋರಿಸಿದೆ, ಎರಡೂ ಸರಿಯಿದ್ದವು. ಚಿತ್ರದುರ್ಗದಲ್ಲಿ ಸೈನ್ಸ್ ಮೇಷ್ಟ್ರಾಗಿರುವ ಗೆಳೆಯನಿಗೆ, ಯಾರಿಗೋ ಹೀಗಾಯಿತಂತೆ ಎಂದು ಕೇಳಿದೆ. ಅವನು ಬಿಸಿಲ ಝಳ, ನೀರು ಕಡಿಮೆ ಕುಡಿದದ್ದು ಎಂದೆಲ್ಲ ಹೇಳಿ, "ಎತ್ತು ಈಯ್ತು ಅಂದ್ರೆ ಕಟ್ಟು ಅನ್ನೋ ಜನ ಬಿಡ್ರಿ" ಎಂದು ಮುಗಿಸಿದ. ನನ್ನದೇ ಮಾತು, ನನ್ನದೇ ದನಿ. ಎಂಥ ದರಿದ್ರ ದನಿ ಅದು ಎಂದು ಅವತ್ತು ಗೊತ್ತಾಯಿತು.

ಆ ಅಧಿಕಾರಿಗೆ ಕಾಗದ ಬರೆದೆ. ಮೈಲಾರಪ್ಪನ ಹೇಳಿಕೆಯನ್ನು ನಾನು ಬೇಕೆಂದೇ ತಪ್ಪಾಗಿ ಅನುವಾದಿಸಿದ್ದೇನೆ, ತಿದ್ದಬೇಕು ಎಂದು. ಬಹಳ ಮರ್ಯಾದೆಯ ಉತ್ತರ ಬಂತು. ಹೇಳಿಕೆಯ ಮೇಲೆ ಸಾಕ್ಷಿಯ ಹೆಬ್ಬೆಟ್ಟೂ ಅನುವಾದಕರ ಸಹಿಯೂ ಇರುವುದರಿಂದ ಬದಲಾಯಿಸಲು ಬರುವುದಿಲ್ಲ, ತಾವೇನಾದರೂ ಕಂಡಿದ್ದರೆ ಇದನ್ನು ತುಂಬಿ ಕಳಿಸಿ ಎಂದು ಅದೇ ಹಾಳೆಯ ಖಾಲಿ ಪ್ರತಿ ಇಟ್ಟಿದ್ದ. ವಸ್ತುವಿನ ಆಕಾರ, ಬಣ್ಣ, ಎತ್ತರ. ನಾನು ವಸ್ತುವನ್ನೇ ನೋಡಿರಲಿಲ್ಲ. ಆ ಹಾಳೆ ಇವತ್ತಿಗೂ ಖಾಲಿಯೇ ಇದೆ.

ಕೊನೆಗೆ ಮೈಲಾರಪ್ಪನನ್ನು ಹುಡುಕಿಕೊಂಡು ಹೋದೆ. ಅವನು ಗಾಳಿಯಂತ್ರವೊಂದರ ಕೆಳಗೆ ವಾಚ್‌ಮನ್ ಆಗಿದ್ದ. ಮೈಗೆ ದೊಡ್ಡದಾದ ನೀಲಿ ಶರ್ಟು, ಕೂರಲು ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಬೆನ್ನಿಗೆ ಅದೇ ಕಂಬಳಿ. ಕಾಯಲು ಅಲ್ಲಿ ಏನೂ ಇರಲಿಲ್ಲ. ಯಂತ್ರ ಎಲ್ಲಿಗೂ ಹೋಗುವುದಿಲ್ಲ.

"ಯಜಮಾನ್ರೇ, ನಾನು ಅವತ್ತು ಸುಳ್ಳು ಬರೆಸಿದೆ. ತಪ್ಪಾಯ್ತು" ಎಂದೆ.

"ಗೊತ್ತೈತೆ" ಎಂದ. ಕಂಬಳಿ ತೆಗೆದು ನೆಲಕ್ಕೆ ಹಾಸಿದ. "ಕುಂತ್ಕಳ್ರಿ. ಅಷ್ಟು ದೂರದಿಂದ ಬಂದೀರಿ, ಇನ್ನೂ ಏನೋ ಐತೆ ಹೊಟ್ಟೆ ಒಳಗೆ."

ಚಪ್ಪಲಿ ಬಿಟ್ಟು ಕೂತೆ. ಅವನೂ ಎದುರಿಗೆ ಕೂತ. ಕೊಡೆಯಿಂದ ಹಿಡಿದು ಗೆರೆಯ ತನಕ ಎಲ್ಲ ಹೇಳಿದೆ. ಅವನು ನಡುವೆ ಒಂದೇ ಮಾತು ಕೇಳಿದ, ಎಷ್ಟು ಅಗಲ ಇತ್ತು ಎಂದು. ಎರಡು ಕಣದಷ್ಟು ಎಂದೆ. ತಲೆಯಾಡಿಸಿದ. ಹಿರಿಯರ ಮುಂದೆ ಬಂದು ಇದನ್ನೇ ಹೇಳುತ್ತೇನೆ, ಕುರಿ ಕೊಡಿಸುತ್ತೇನೆ ಎಂದೆ. ಕುರಿಗಳನ್ನು ಆ ಹುಡುಗರು ಚಿತ್ರದುರ್ಗದ ಸಂತೆಯಲ್ಲಿ ಮಾರಿ ಆಗಲೇ ನಾಲ್ಕು ತಿಂಗಳಾಗಿತ್ತು. ಅದನ್ನು ಅವನೇ ಹೇಳಿದ.

"ನಾನು ಕಂಡದ್ದು ಏನು ಯಜಮಾನ್ರೇ?" ಎಂದು ಕೇಳಿದೆ. ನನ್ನನ್ನು ನಂಬುವವನು ಈ ಭೂಮಿಯ ಮೇಲೆ ಅವನೊಬ್ಬನೇ ಇದ್ದ.

ಮೈಲಾರಪ್ಪ ಎದ್ದ. ನನ್ನನ್ನು ಕಂಬಳಿಯ ಮೇಲೆಯೇ ಬಿಟ್ಟು ಪಕ್ಕಕ್ಕೆ ಸರಿದು, ಎರಡೂ ಪಾದಗಳನ್ನು ಬರೀ ನೆಲದ ಮೇಲೆ ಊರಿ ನಿಂತ.

"ಬಲೂನ್ ಇರ್ಬೇಕು ಬಿಡ್ರಿ ಮೇಷ್ಟ್ರೇ" ಎಂದ.

ಆ ನೆರಳು ಯಾವುದರದೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಮಾತು ಹೇಳುವ ಮುಂಚೆ ಅವನು ಕಂಬಳಿಯಿಂದ ಇಳಿದಿದ್ದ ಎಂಬುದು ಮಾತ್ರ ಗೊತ್ತು.