ಹಮಾಲಿಯ ಸಿಂಬೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಆತ ಹಮಾಲಿ. ಎಂಬತ್ತರ ದಶಕದ ಕೊನೆಯಲ್ಲಿ ವಿಡಿಯೊ ಕ್ಯಾಸೆಟ್ ನೋಡಿ ಬ್ರೇಕ್ ಡ್ಯಾನ್ಸ್ ಕಲಿತಿದ್ದ. ಕ್ಯಾಸೆಟ್ಟಿನ ಅಮೆರಿಕದವರು ಟೋಪಿ ಹಾಕಿಕೊಂಡು, ನೆಲಕ್ಕೆ ತಲೆಯೂರಿ ಬುಗುರಿಯಂತೆ ತಿರುಗುತ್ತಿದ್ದರು. ಈತ ಮೂಟೆ ಹೊರುವಾಗ ತಲೆಗಿಡುವ ಬಟ್ಟೆಯ ಸಿಂಬೆಯನ್ನೇ ಕಟ್ಟಿಕೊಂಡು ತಿರುಗುತ್ತಿದ್ದ. ನೋಡಲು ನೆರೆದ ನಾವು ಊರ ಹುಡುಗರು ನಕ್ಕರೆ ಸಿಂಬೆಯನ್ನು ತೊಡೆಗೆ ಬಡಿದು ಧೂಳು ಕೊಡವಿ, “ಅದು ಅವರೂರು, ಇದು ನಮ್ಮೂರು ಕಣ್ರಪ್ಪ” ಎನ್ನುತ್ತಿದ್ದ.

ಚಿಕ್ಕಬಳ್ಳಾಪುರದ ಒಂದು ಡ್ಯಾನ್ಸ್ ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು ತಡೆದರು. “ಇದು ಫಾರಿನ್ ಡ್ಯಾನ್ಸು ಕಣಪ್ಪ. ಸಿಂಬೆ ತೆಗೆದು ಟೋಪಿ ಹಾಕ್ಕೊ, ಇಲ್ಲಾಂದ್ರೆ ಸ್ಟೇಜಿಂದ ಇಳಿ.”

ಆತ ಸಿಂಬೆಯನ್ನು ಇನ್ನಷ್ಟು ಬಿಗಿದುಕೊಂಡ. “ಟೋಪಿ ಮೇಲೆ ಮೂಟೆ ನಿಲ್ಲಲ್ಲ ಸಾರ್.”

ಅವರು ಹಾಡು ಹಾಕಿಸಲಿಲ್ಲ. ಹಾಡಿಲ್ಲದೆಯೇ ಆತ ತಲೆಯೂರಿದ. ಇಳಿ ಎಂದವರಿಗೂ ಮುಂದಿನ ಸಾಲಿನ ಗಣ್ಯರಿಗೂ ಬಹಳ ಹೊತ್ತು ಕಂಡದ್ದು ತಿರುಗುತ್ತಿದ್ದ ಅವನ ಅಂಗಾಲುಗಳು ಮಾತ್ರ.