ಲಿಂಕಿನಲ್ಲಿ ಅವಳ ಹೆಸರು

ಚಿಕ್ಕಬಳ್ಳಾಪುರದ ಬಸ್ ನಿಲ್ದಾಣದ ಹಿಂದೆ, ಮಹಡಿ ಮೇಲಿನ ಒಂದೇ ಕೋಣೆಯಲ್ಲಿ ನಮ್ಮ ಸುದ್ದಿ ವೆಬ್‌ಸೈಟಿನ ಕಚೇರಿ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸುದ್ದಿಯೂ ಅಲ್ಲಿಂದಲೇ ಹೊರಡುತ್ತದೆ. ಶುರುವಾದಾಗಿನಿಂದ ಅಲ್ಲಿ ವರದಿ ಬರೆಯುತ್ತಿರುವವಳು ನಾನು. ರೇಷ್ಮೆಗೂಡಿನ ಧಾರಣೆ ಬಿದ್ದದ್ದು, ಬೆಟ್ಟ ಹತ್ತಲು ಬಂದವರು ಕಳವಾರದ ಹೊಲದಲ್ಲಿ ಕಾರು ನಿಲ್ಲಿಸಿ ಬೈಸಿಕೊಂಡದ್ದು, ಎಲ್ಲ ನಾನು ಬರೆದದ್ದೇ. ಆದರೆ ವರದಿಗೆ ಹೆಸರು ಹಾಕುವ ಪದ್ಧತಿ ನಮ್ಮಲ್ಲಿರಲಿಲ್ಲ. "ಅದೇನ್ ಬರೀತೀರೋ ಅತ್ತಿಗೆ, ಒಂದಿನ ಆದ್ರೂ ತೋರ್ಸಿ ನೋಡಣ" ಎಂದು ನಾದಿನಿ ನಗುತ್ತಿದ್ದಳು. ಏನು ತೋರಿಸಲಿ? ಇದು ನನ್ನದು ಅನ್ನಲು ಅಲ್ಲಿ ಒಂದು ಗುರುತೂ ಇರಲಿಲ್ಲ. ಪ್ರತಿ ಸುದ್ದಿಯ ಲಿಂಕಿನ ಕೊನೆಗೆ ಏನಿರಬೇಕು ಎಂದು ಯೋಚಿಸಿ ಟೈಪು ಮಾಡುವುದೊಂದೇ ನನ್ನ ಸ್ವಂತದ ದರ್ಬಾರು.

ಅದಕ್ಕೂ ಕಲ್ಲು ಬಿತ್ತು. ಚಿಂತಾಮಣಿ ಕಡೆಯ ಹುಡುಗಿಯೊಬ್ಬಳು ಕೆಲಸಕ್ಕೆ ಬಂದಳು. ಸೀಟು ಬಿಸಿಯಾಗುವ ಮೊದಲೇ ಮಾಲೀಕರ ಮುಂದೆ ನಿಂತು, "ಸಾರ್, ಲಿಂಕು ಕೈಯಲ್ಲಿ ಯಾಕ್ ಬರೀಬೇಕು? ಪ್ರತಿ ಸುದ್ದಿಗೂ ತಾಲ್ಲೂಕು, ಊರು, ಬರ್ದೋರು, ತಲೆಬರಹ ಅಂತ ಕಾಲಂ ಇದೆಯಲ್ಲ. ಅವನ್ನೇ ಒಂದರ ಹಿಂದೊಂದು ಜೋಡಿಸ್ಕೊಳ್ಳೋ ಹಂಗೆ ಒಂದ್ಸಲ ಮಾದರಿ ಬರ್ದಿಟ್ರೆ ಲಿಂಕು ತಾನೇ ಆಗುತ್ತೆ. ಅಷ್ಟೇ!" ಅಂದಳು.

"ನೋಡಮ್ಮ, ತಲೆ ಅಂದ್ರೆ ಇದು!" ಎಂದರು ಮಾಲೀಕರು. ಹೇಳಿದ್ದು ಅವಳಿಗೆ, ನೋಡಿದ್ದು ನನ್ನನ್ನು. ಮೈಯೆಲ್ಲ ಉರಿದುಹೋಯಿತು. ನಾನು ಇಷ್ಟು ವರ್ಷ ಕಡಲೆಕಾಯಿ ಸುಲಿಯುತ್ತಿದ್ದೆನೇ?

"ಹಳೇ ಲಿಂಕುಗಳ ಗತಿ? ವಾಟ್ಸಾಪಲ್ಲಿ ಓಡಾಡ್ತಿರೋವೆಲ್ಲ ಕೆಟ್ಟೋಗಲ್ವಾ?" ಎಂದು ಕೊಂಕು ತೆಗೆದೆ.

"ಹಳೇದು ಒತ್ತಿದ್ರೆ ಹೊಸದಕ್ಕೇ ಹೋಗೋ ಹಂಗೆ ಮಾಡ್ತೀನಿ ಅಕ್ಕ."

ಅದಕ್ಕೂ ಉತ್ತರ ಇಟ್ಟುಕೊಂಡೇ ಬಂದಿದ್ದಳು, ಪುಣ್ಯಾತ್ಗಿತ್ತಿ. ಆದರೂ 'ಬರ್ದೋರು' ಎಂಬ ಆ ಕಾಲಂ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹಾಗಾದರೆ ನಾನು ಬರೆದ ಪ್ರತಿ ಸುದ್ದಿಯ ಲಿಂಕಿನಲ್ಲೂ ನನ್ನ ಹೆಸರು ಬರುತ್ತದೆ! ಅವಳು ಕೆಲಸ ಮುಗಿಸುವುದನ್ನೇ ಕಾದೆ. ಅವಳ ಕೆಲಸ ಕೆಡಲಿ ಎಂದೂ ಆಸೆ, ಬೇಗ ಆಗಲಿ ಎಂದೂ ಆಸೆ.

ಆಯಿತು. ರೇಷ್ಮೆಗೂಡಿನ ಸುದ್ದಿ ತೆರೆದೆ. ಲಿಂಕಿನಲ್ಲಿ ಶಿಡ್ಲಘಟ್ಟ ಬಂದಿತ್ತು, ಅದರ ಪಕ್ಕದಲ್ಲಿ ಮಾಲೀಕರ ಹೆಸರು. ಕಳವಾರದ್ದು ತೆರೆದೆ, ಅಲ್ಲೂ ಅವರೇ. ಎಲ್ಲಿ ನೋಡಿದರೂ ಅವರೇ! ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಸದಾ ಅವರ ಲಾಗಿನ್ನೇ ತೆರೆದಿರುತ್ತಿತ್ತು. ಬಂದವರು ಬಂದಂತೆ ಅದರಲ್ಲೇ ಸುದ್ದಿ ಹಾಕಿ ಎದ್ದು ಹೋಗುತ್ತಿದ್ದೆವು. ಯಾರ ಲಾಗಿನ್ನೋ ಅವರನ್ನೇ ಬರೆದವರೆಂದು ಅದು ಗುರುತು ಹಾಕಿಕೊಳ್ಳುತ್ತದೆ ಎಂದು ಯಾರಿಗೆ ಗೊತ್ತಿತ್ತು? ಆ ಹುಡುಗಿ ಮಾತ್ರ ಬಂದ ದಿನವೇ ತನ್ನದೊಂದು ಲಾಗಿನ್ ಮಾಡಿಕೊಂಡಿದ್ದಳು. ಅವಳು ಬರೆದ ನಾಲ್ಕು ಚಿಲ್ಲರೆ ಸುದ್ದಿಯ ಲಿಂಕಿನಲ್ಲಿ ಅವಳ ಹೆಸರು ಜಂಬವಾಗಿ ಕೂತಿತ್ತು.

"ಹೆಸರು ಯಾರ್ದಾದ್ರೇನಮ್ಮ, ಎಲ್ಲಾ ನಮ್ದೇ ಅಲ್ವಾ?" ಎಂದರು ಮಾಲೀಕರು. ನಮ್ಮದೇ ಅಂತೆ! ಅವರೂ ಬರೆದಿದ್ದರು, ನಡುವೆ ಬಂದು ಕೆಲಸ ಬಿಟ್ಟುಹೋದವರೂ ಬರೆದಿದ್ದರು. ಅದರೊಳಗಿಂದ ನನ್ನದನ್ನು ಆರಿಸಿ ತೆಗೆಯಬೇಕಾದರೆ ಆ ಹುಡುಗಿಯ ಪಕ್ಕ ಕೂತು ಇದು ನಂದು, ಇದು ನಂದು ಎಂದು ಕೈಚಾಚಬೇಕಿತ್ತು. ನನ್ನ ಕೈಲಾಗಲಿಲ್ಲ. ಮುಖ ಊದಿಸಿಕೊಂಡು, ಒಂದು ವಾರ ಅವಳೊಂದಿಗೆ ಮಾತೇ ಆಡಲಿಲ್ಲ.

ಆಮೇಲೊಂದು ಬೆಳಿಗ್ಗೆ ಅವಳೇ ಕರೆದಳು. "ಅಕ್ಕ, ಒಂಚೂರು ನೋಡ್ತೀರಾ? ಒಂದೆರಡು ತಪ್ಪಿರ್ಬೋದು."

ನೋಡಿದೆ. ಲಿಂಕಿನ ನಡುವೆ ನನ್ನ ಹೆಸರು. ಮುಂದಿನದರಲ್ಲೂ, ಅದರ ಮುಂದಿನದರಲ್ಲೂ. ಕಣ್ಣು ಮಂಜಾಯಿತು.

"ನಿಂಗ್ ಹೆಂಗ್ ಗೊತ್ತಾಯ್ತೇ ಇವೆಲ್ಲ ನಂದು ಅಂತ?"

"ಎಲ್ಲಾ ಓದ್ದೆ ಅಕ್ಕ. ಸಾರ್ ಬರ್ದಿದ್ರೆ ವೇದಿಕೆ ಮೇಲೆ ಯಾರ್ಯಾರಿದ್ರು ಅಂತ ಉದ್ದಕ್ಕೂ ಇರುತ್ತೆ. ನೀವು ಬರ್ದಿದ್ರೆ ಊಟಕ್ಕೇನಿತ್ತು ಅಂತ ಒಂದು ಸಾಲು ಇದ್ದೇ ಇರುತ್ತೆ. ಅಲೀಪುರದ ಸ್ಕೂಲ್ ಫಂಕ್ಷನ್ನಲ್ಲಿ ಶಾವಿಗೆ ಬಡಿಸಿದ್ದು, ಅಡುಗೆಯವ್ರಿಗೇ ಸಿಗದೆ ಹೋಗಿದ್ದು... ನಂಗೆ ಅಳು ಬಂತು ಅಕ್ಕ."

ಆ ಸಾಲು ಬರೆದದ್ದು ನನಗೇ ಮರೆತುಹೋಗಿತ್ತು. ನನ್ನ ಗಂಡ ಒಂದು ವರದಿಯನ್ನೂ ಕೊನೆಯವರೆಗೆ ಓದಿದವರಲ್ಲ. ಮಾಲೀಕರು ತಲೆಬರಹ ನೋಡಿ ಹೂಂ ಅನ್ನುತ್ತಿದ್ದರು. ನಾನು ಬರೆದ ಅಷ್ಟನ್ನೂ ಕೂತು ಓದಿದವರು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅಯ್ಯೋ ದೇವರೇ, ಅದು ಇವಳೇ ಆಗಬೇಕಿತ್ತೇ?